ಕಾಲುವೆ ಗಟ್ಟಿಯಾದ ಮಂಗಳವಾರ

ನಮ್ಮ ಬೀದಿಯಲ್ಲಿ ಯಾರೂ ಕಿಟಕಿಗೆ ಪರದೆ ಎಳೆಯುವುದಿಲ್ಲ. ಎಳೆದರೆ ಒಳಗೇನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ. ಹಾಗಾಗಿ ಎದುರು ಮನೆಯ ಹಿಸ್ಕೆ ಒಂದು ಸೋಮವಾರ ಬೆಳಿಗ್ಗೆ ಸೋಫಾದ ಮೇಲೆ ಕಾಲು ಚಾಚಿ ಕಾದಂಬರಿ ಓದುತ್ತಾ ಕೂತಿದ್ದನ್ನು ಇಡೀ ಬೀದಿ ನೋಡಿತು. ಬೇಕರಿಯ ಬೆಳಗಿನ ಪಾಳಿ ಮುಗಿಸಿ ಬಂದ ನಾನಂತೂ ಸೈಕಲ್ಲಿನಿಂದ ಇಳಿಯುವುದನ್ನೂ ಮರೆತು ನೋಡಿದೆ. ನಲವತ್ತೈದರ ಗಟ್ಟಿಮುಟ್ಟಾದ ಹೆಂಗಸು, ಕೆಲಸದ ದಿನ, ಜ್ವರವಿಲ್ಲ ನೆಗಡಿಯಿಲ್ಲ, ಮುಖದ ತುಂಬ ನಗು! ನನಗೆ ಹೊಟ್ಟೆಕಿಚ್ಚಾಯಿತು, ಯಾಕೆ ಸುಳ್ಳು ಹೇಳಲಿ.

ಹಿಸ್ಕೆ ಲೇವಾರ್ಡನ್ ಪೇಟೆಯ ವಿಮಾ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಳು. ಸಂಬಳ ದೊಡ್ಡದು, ಬದುಕಿದ್ದು ಮಾತ್ರ ಸಣ್ಣ ಸಂಬಳದವರ ಹಾಗೆ. ಕಾರು ಕೊಳ್ಳಲಿಲ್ಲ, ಊಟಕ್ಕೆ ಮನೆಯಿಂದಲೇ ಚೀಸು ಬ್ರೆಡ್ಡು, ಅರ್ಧಕ್ಕಿಂತ ಹೆಚ್ಚು ದುಡ್ಡು ಷೇರು ನಿಧಿಗಳಿಗೆ. ಜಿಪುಣಿ ಎಂದು ನಾವೆಲ್ಲ ಆಡಿಕೊಂಡು ನಕ್ಕೆವು. ಆ ನಿಧಿಗಳ ಆದಾಯದಲ್ಲೇ ಉಂಡುಟ್ಟುಕೊಂಡು ಇರಬಹುದು ಎನ್ನುವಂತಾದ ಮೇಲೆ ರಾಜೀನಾಮೆ ಬಿಸಾಕಿ ಮನೆಗೆ ಬಂದಳು.

"ಅಲ್ಲ ಕಣೇ, ಇಷ್ಟು ಬೇಗ ಯಾಕೆ ಬಿಟ್ಟೆ?" ಎಂದು ಕೇಳಿದೆ.

"ಐಸಿಗೋಸ್ಕರ ಅಕ್ಕಾ," ಎಂದಳು.

ನಮ್ಮೂರ ಕಾಲುವೆ ಎಲ್ಲ ಚಳಿಗಾಲದಲ್ಲೂ ಐಸಾಗಿ ಗಟ್ಟಿಯಾಗುವುದಿಲ್ಲ. ಗಟ್ಟಿಯಾದರೂ ಎರಡು ಮೂರು ದಿನ ಮಾತ್ರ, ಅದೂ ವಾರದ ನಡುವೆ. ಬೀದಿಯ ಕೊನೆಯ ಮನೆಯಲ್ಲಿರುವ ಅವಳ ಅಪ್ಪ ಡೌವೆ ಆಗೆಲ್ಲ ಆಫೀಸಿಗೆ ಫೋನ್ ಮಾಡಿ, "ಐಸಿನ ಮೇಲೆ ಜಾರೋಕೆ ಬರ್ತೀಯೇನೇ?" ಎಂದು ಕೇಳುತ್ತಿದ್ದ. "ಇವತ್ತು ಮೀಟಿಂಗ್ ಇದೆಯಪ್ಪ, ಶನಿವಾರ ಬರ್ತೀನಿ," ಎನ್ನುತ್ತಿದ್ದಳು ಇವಳು. ಶನಿವಾರಕ್ಕೆ ಎಲ್ಲ ನೀರಾಗಿರುತ್ತಿತ್ತು. ಆಮೇಲಾಮೇಲೆ ಮುದುಕ ಫೋನ್ ಮಾಡುವುದನ್ನೇ ಬಿಟ್ಟ. ಈಗ ಅವನಿಗೆ ಎಂಬತ್ತರ ಹತ್ತಿರ, ಮಂಡಿ ಸವೆದಿದೆ.

"ಇನ್ನೊಂದೇ ಒಂದು ಸಲ ಅಪ್ಪನ ಜೊತೆ ಪಕ್ಕದೂರಿನ ತನಕ ಜಾರಿಕೊಂಡು ಹೋಗಿ ಬರ್ಬೇಕು. ಆಮೇಲೆ ಏನಾದ್ರೂ ಆಗ್ಲಿ," ಎಂದಳು. ನನ್ನ ಹೊಟ್ಟೆಕಿಚ್ಚು ಅಲ್ಲೇ ಆರಿಹೋಯಿತು.

ಆದರೆ ಡೌವೆ ಎಂಥವನು? ಮೀಸೆ ಮೂಡುವ ಮುಂಚೆ ಹಾಲಿನ ಕಾರ್ಖಾನೆಗೆ ಸೇರಿ, ಮೀಸೆ ನೆರೆತ ಮೇಲೆ ಹೊರಗೆ ಬಂದವನು. ಕೈಕಾಲು ನೆಟ್ಟಗಿರುವ ಮಗಳು ಸುಮ್ಮನೆ ಕೂತಳೆಂದರೆ ಅವನಿಗೆ ತಲೆ ಎತ್ತಿ ಓಡಾಡಲಾಗಲಿಲ್ಲ. "ಮಗಳಿಗೆ ಹುಷಾರಿಲ್ಲ. ಕೆಲಸದ ಒತ್ತಡಕ್ಕೆ ನರ ಸೋತುಹೋಗಿದೆ," ಎಂದು ಬೀದಿಗೆಲ್ಲ ಸಾರಿಬಿಟ್ಟ.

ನಮ್ಮ ಜನ ಸೋಮಾರಿಯನ್ನು ಕ್ಷಮಿಸುವುದಿಲ್ಲ, ರೋಗಿಯನ್ನಾದರೆ ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಹಿಸ್ಕೆಯ ಬಾಗಿಲಿಗೆ ಬೇಗ ಗುಣವಾಗಲೆಂದು ಹಾರೈಸುವ ಕಾರ್ಡುಗಳು ಬಂದವು, ಹೂವು ಬಂತು, ಪಾತ್ರೆಗಟ್ಟಲೆ ಸೂಪು ಬಂತು. ಕಿಟಕಿಯ ಮುಂದೆ ಹಾದುಹೋಗುವವರು ಒಳಗೆ ಇಣುಕಿ, ತಲೆ ಓರೆ ಮಾಡಿ, ಲೊಚಗುಟ್ಟಿದರು.

"ನಂಗೇನೂ ಆಗಿಲ್ಲ ಕಣ್ರೀ!" ಎಂದರೆ, "ಪಾಪ, ಒಪ್ಪಿಕೊಳ್ಳೋಕೆ ಆಗ್ತಿಲ್ಲ ಅವಳಿಗೆ," ಎಂದರು. ಕೊನೆಗೆ ಹಿಸ್ಕೆ ವಾದ ಮಾಡುವುದು ಬಿಟ್ಟು ಸೂಪು ಕುಡಿದಳು.

ಅವಳಿಗೆ ನೋವಾದದ್ದು ಒಂದಕ್ಕೇ. ಎಲ್ಲರ ಕಿಟಕಿಯೊಳಗೂ ಇಣುಕುವ ಅಪ್ಪ ಅವಳ ಕಿಟಕಿ ಬಂದಾಗ ಮಾತ್ರ ಕತ್ತು ನೆಟ್ಟಗೆ ಮಾಡಿಕೊಂಡು ನಡೆದುಬಿಡುತ್ತಿದ್ದ. ಕಾಫಿಗೆ ಕರೆದರೂ ಬರಲಿಲ್ಲ. ಆ ಚಳಿಗಾಲ ಐಸೂ ಬರಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಕೊರೆಯುವ ಚಳಿ ಹೊತ್ತು ಮೂಡಗಾಳಿ ಬೀಸಿತು. ಮಂಗಳವಾರದ ಹೊತ್ತಿಗೆ ಕಾಲುವೆ ಕಲ್ಲಿನಂತಾಯಿತು. ಐಸಿನ ಮೇಲೆ ಅಂಗಡಿ ಹೂಡಲು ನಾನು ಬಟಾಣಿ ಸೂಪಿನ ಹಂಡೆ ಹೊತ್ತು ಬೀದಿಗಿಳಿದರೆ, ಕಿಟಕಿಯಲ್ಲಿ ಹಿಸ್ಕೆ ತೊಡೆಯ ಮೇಲೆ ಸ್ಕೇಟು ಇಟ್ಟುಕೊಂಡು ಕೂತಿದ್ದಳು. ಹೊರಗೆ ಹೊರಟಿರಲಿಲ್ಲ. ಬೀದಿಯ ಕೊನೆಯ ಮನೆಯ ಕಡೆಗೇ ನೋಡುತ್ತಿದ್ದಳು.

ಆ ಬಾಗಿಲು ತೆರೆಯಿತು. ಡೌವೆ ಹೊರಗೆ ಬಂದ. ಕೊರಳಲ್ಲಿ ಸ್ಕೇಟು, ಕೈಯಲ್ಲಿ ಅಡುಗೆಮನೆಯ ಹಳೆಯ ಕುರ್ಚಿ. ಹಿಸ್ಕೆ ಚಿಕ್ಕವಳಿದ್ದಾಗ ಐಸಿನ ಮೇಲೆ ಅದನ್ನೇ ತಳ್ಳುತ್ತಾ ಜಾರಲು ಕಲಿತಿದ್ದಳು. ಮುದುಕ ಅವಳ ಕಿಟಕಿಯ ಮುಂದೆ ಬಂದು ನಿಂತ. ಕತ್ತು ತಿರುಗಿಸಿದ. ಗಾಜಿನ ಮೇಲೆ ಬೆರಳಿನಿಂದ ತಟ್ಟಿದ.

"ಮೀಟಿಂಗ್ ಇದೆಯೇನೇ ಇವತ್ತು?"

"ಇಲ್ಲಪ್ಪ! ಇವತ್ತೂ ಇಲ್ಲ, ನಾಳೇನೂ ಇಲ್ಲ!" ಎನ್ನುತ್ತಲೇ ಅವಳು ಬಾಗಿಲಿಗೆ ಓಡಿ ಬಂದಳು.

"ಹಂಗಾದ್ರೆ ಎದ್ದು ಬಾ ಮತ್ತೆ. ಕುರ್ಚಿ ನಿಂಗೇ ತಂದಿದ್ದು. ಮರೆತಿರ್ತೀಯ, ಬಿದ್ದು ಸೊಂಟ ಮುರ್ಕೋತೀಯ."

ಐಸಿನ ಮೇಲೆ ಕುರ್ಚಿ ಹಿಡಿದುಕೊಂಡದ್ದು ಅವನೇ. ಪಕ್ಕದೂರಿನ ತನಕ ಹೋದರು, ಕೆನ್ನೆ ಕೆಂಪು ಮಾಡಿಕೊಂಡು ಮಧ್ಯಾಹ್ನಕ್ಕೆ ನನ್ನ ಅಂಗಡಿಗೆ ಬಂದರು. ಹಾಲಿನ ಕಾರ್ಖಾನೆಯಲ್ಲಿ ಡೌವೆಯ ಹಳೆಯ ಜೊತೆಗಾರನಾಗಿದ್ದ ವಿಬ್ರೆನ್ ಸೂಪು ಕುಡಿಯುತ್ತಾ ಅಲ್ಲೇ ನಿಂತಿದ್ದ.

"ಪರವಾಗಿಲ್ವೇ ಡೌವೆ, ಮಗಳು ಹುಷಾರಾದ್ಲಾ?"

ಹಿಸ್ಕೆ ಬಟ್ಟಲೊಳಗೆ ಕಣ್ಣು ನೆಟ್ಟಳು. ನನ್ನ ಸೌಟು ಗಾಳಿಯಲ್ಲೇ ನಿಂತಿತು. ಡೌವೆ ಮೂಗೊರೆಸಿಕೊಂಡ.

"ಅವ್ಳಿಗೆ ಯಾವತ್ತೂ ಏನೂ ಆಗಿರ್ಲಿಲ್ಲ ಕಣೋ. ನಾನೇ ಸುಳ್ಳು ಹೇಳಿದ್ದೆ. ನೀನೂ ನಾನೂ ಮುದುಕರಾಗೋ ತನಕ ದುಡಿದ್ವಲ್ಲ, ಅಷ್ಟನ್ನೂ ಅವ್ಳು ಬೇಗ ದುಡಿದು ಮುಗಿಸಿದ್ದಾಳೆ."

"ಅದೃಷ್ಟವಂತೆ ಬಿಡು," ಎಂದ ವಿಬ್ರೆನ್.

"ಅವಳಲ್ಲವೋ ಪೆದ್ದ, ಅದೃಷ್ಟವಂತ ನಾನು!" ಎಂದು ಮುದುಕ ನಕ್ಕ. ಹಿಸ್ಕೆ ಅತ್ತಳು, ನಾನೂ ಅತ್ತೆ. ಸೂಪಿಗೆ ಉಪ್ಪು ಹೆಚ್ಚಾಯಿತೆಂದು ವಿಬ್ರೆನ್ ಛೇಡಿಸಿದ.

ಬುಧವಾರವೂ ಹೋದರು, ಗುರುವಾರವೂ ಹೋದರು. ಶುಕ್ರವಾರ ಮಳೆ ಹೊಡೆಯಿತು. ಶನಿವಾರ ಬೆಳಿಗ್ಗೆ ಪೇಟೆಯಿಂದ ಕಾರುಗಟ್ಟಲೆ ಜನ ಸ್ಕೇಟು ಹೊತ್ತು ಬಂದರು. ಕಾಲುವೆಯಲ್ಲಿ ಬಾತುಕೋಳಿಗಳು ಈಜಾಡುತ್ತಿದ್ದವು. ಪೆಚ್ಚುಮೋರೆ ಹಾಕಿಕೊಂಡು ಹಿಂತಿರುಗುವವರೆಲ್ಲ ಹಿಸ್ಕೆಯ ಕಿಟಕಿಯೊಳಗೆ ನೋಡಿದರು. ಅಲ್ಲಿ ಡೌವೆ ಮಗಳ ಸೋಫಾದ ಮೇಲೆ ಕಾಲು ಚಾಚಿ ಕೂತು, ಕಾಫಿ ಹೀರುತ್ತಾ, ಒಬ್ಬೊಬ್ಬರಿಗೂ ಕೈ ಬೀಸುತ್ತಿದ್ದ.