ಹೊತ್ತಿಗೆ ಮುಂಚೆ ಹಾಡಿದ ಮಂಗಳ

ಅವನು ಈಗ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಬದುಕಿದ್ದರೆ ಓದಲಿ ಎಂದೇ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಸಾವ್ಕಾರ ಹೊಸ ನಮೂನೆಯ ಹೋಟೆಲು ತೆರೆದ. ಬೆಂಗಳೂರಲ್ಲಿ ಎಲ್ಲೋ ನೋಡಿ ಬಂದಿದ್ದನಂತೆ. ಹಂಪಸಾಗರದ ಕಡೆಯ ಅವನ ತೋಟದ ದ್ರಾಕ್ಷಿ ಹೋಟೆಲಿನ ಹಿಂದಿನ ಕೋಣೆಗೆ ಬರುತ್ತಿತ್ತು. ಅಲ್ಲೇ ಹಿಂಡಿ, ಪೀಪಾಯಿಗಳಲ್ಲಿ ತುಂಬಿ ವೈನು ಮಾಡುವುದು. ನಡುವೆ ದೊಡ್ಡ ಗಾಜು. ಗಿರಾಕಿಗಳು ಉಣ್ಣುತ್ತ ಪೀಪಾಯಿ ನೋಡಬೇಕು, ಪೀಪಾಯಿ ನೋಡುತ್ತ ಹಾಡು ಕೇಳಬೇಕು. ವೈನು ಹದಕ್ಕೆ ಬರುವ ತನಕ ಊಟ, ಹಾಡು ಮಾತ್ರ. ಹಾಡುವವಳು ನಾನು, ಹಾರ್ಮೋನಿಯಂ ಪೇಟಿ ನುಡಿಸುವವರು ನಮ್ಮಪ್ಪ.

ಅಪ್ಪ ನಾಟಕ ಕಂಪನಿಯೊಂದರಲ್ಲಿ ಪೇಟಿ ಮಾಸ್ತರರಾಗಿದ್ದವರು. ಕಂಪನಿ ಮುಚ್ಚಿದ ಮೇಲೆ ಕೊಟ್ಟೂರಿನ ಮನೆಯಲ್ಲಿ ಸುಮ್ಮನೆ ಕೂತಿದ್ದರು. ಮಗಳಿಗೆ ಹಾಡುವ ಕೆಲಸ ಸಿಕ್ಕಿತು ಎಂದದ್ದೇ ತಡ, ಪೇಟಿ ಒರೆಸಿ ತಯಾರಾದರು. ಕಂಪನಿಯಲ್ಲಿ ಅವರಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕುತ್ತಿದ್ದರಂತೆ. ಅದನ್ನು ಹೇಳುವಾಗ ಅವರ ದನಿಯೇ ಬೇರೆ.

ಒಂದು ಸಂಜೆ ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಸಾವ್ಕಾರ ಮುಂದೆ ನಿಂತು, ಗಿರಾಕಿಗಳು ಬಿಟ್ಟೆದ್ದ ತಟ್ಟೆಗಳಿಂದ ಅನ್ನ ಬಳಿಸುತ್ತಿದ್ದ. ಮೇಲೆ ಬಿಸಿ ಸಾರು ಸುರಿಸಿದ.

"ಪೇಟಿ ಮುದುಕಗ ಕೊಡ್ರಿ. ಅವಗೇನು ತಿಳಿತೈತಿ?" ಅಂದ.

ಸಾವರಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಅಪ್ಪ ಅರ್ಧ ತಟ್ಟೆ ಉಂಡಾಗಿತ್ತು. ಎಂಜಲು ಎಂದು ಹೇಳಿದರೆ ಆ ಜೀವ ಕುಸಿದುಹೋಗುತ್ತದೆ ಎಂದು ಹೆದರಿ ಬಾಯಿ ಮುಚ್ಚಿಕೊಂಡು ನಿಂತೆ. ಅವರು ತಟ್ಟೆ ಖಾಲಿ ಮಾಡಿ, ಉಣಿಸಿದವರಿಗೆ ಒಳ್ಳೆಯದಾಗಲಿ ಎಂದು ಹರಸಿ ಕೈ ತೊಳೆದರು.

ಕೆಲಸ ಬಿಡಬಹುದಿತ್ತು. ಬಿಟ್ಟರೆ ಅವನಿಗೇನು ನಷ್ಟ? ಇನ್ನೊಬ್ಬಳು ಬರುತ್ತಾಳೆ. ವೈನು ಹದಕ್ಕೆ ಬರಲಿ ಎಂದು ಅವನು ಕಾದ. ನಾನೂ ಕಾದೆ.

ಮೊದಲ ಪೀಪಾಯಿ ತೆರೆಯುವ ದಿನ ಕೊಟ್ಟೂರು, ಹಡಗಲಿ, ಹರಪನಹಳ್ಳಿಯಿಂದ ವರ್ತಕರು, ಕಂಟ್ರಾಕ್ಟರುಗಳು ಬಂದರು. ಮೇಜಿನ ತುಂಬ ಊಟ, ಎಲ್ಲರ ಗ್ಲಾಸಿಗೂ ವೈನು. "ಒಂದು ಭರ್ಜರಿ ಹಾಡು ಹೇಳವ್ವಾ" ಎಂದು ಸಾವ್ಕಾರ ನನಗೆ ಸನ್ನೆ ಮಾಡಿದ.

ನಾನು ಮಂಗಳಾರತಿ ಪದ ಎತ್ತಿಕೊಂಡೆ. ನಮ್ಮ ಸೀಮೆಯ ಮಠಗಳಲ್ಲಿ, ಭಜನೆಗಳಲ್ಲಿ ಎಲ್ಲ ಮುಗಿದ ಮೇಲೆ ಹಾಡುವ ಪದ. ಅದು ಕಿವಿಗೆ ಬಿದ್ದರೆ ಎದ್ದು ನಿಂತು ಕೈಮುಗಿಯಬೇಕು, ಮುಗಿದ ಮೇಲೆ ಮನೆಗೆ ಹೊರಡಬೇಕು. ಸಣ್ಣವರಿದ್ದಾಗಿನಿಂದ ಮೈಗೆ ಹತ್ತಿದ ರೂಢಿ ಅದು. ಅಪ್ಪನ ಬೆರಳು ಒಂದು ಕ್ಷಣ ನಿಂತವು. ನನ್ನ ಮುಖ ನೋಡಿದರು. ಆಮೇಲೆ ತಿದಿ ಒತ್ತಿ ಗಟ್ಟಿಯಾಗಿ ನುಡಿಸಿದರು.

ಮೊದಲು ಕೊಟ್ಟೂರಿನ ಹಿರಿಯರೊಬ್ಬರು ಗ್ಲಾಸನ್ನು ಮೇಜಿನ ಕೆಳಗಿಟ್ಟು ಎದ್ದರು. ಆಮೇಲೆ ಕುರ್ಚಿ ಸರಿದ ಸದ್ದೇ ಸದ್ದು. ಒಬ್ಬ ಕಂಟ್ರಾಕ್ಟರು ನಾಚಿ ಬೂಟು ಕಳಚಿದ. ಇನ್ನೊಬ್ಬ ಗಲ್ಲ ಬಡಿದುಕೊಂಡ. ಸಾವ್ಕಾರನೂ ಬೇರೆ ದಾರಿಯಿಲ್ಲದೆ ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈಮುಗಿದ. ನಾನು ಒಂದು ನುಡಿಯನ್ನೂ ಬಿಡದೆ, ನಿಧಾನವಾಗಿ ಹಾಡಿದೆ. ಎಷ್ಟು ಹಿತವಾಗಿತ್ತು!

ಮುಗಿದ ಮೇಲೆ ಯಾರೂ ಕೂಡಲಿಲ್ಲ.

"ಕೂಡ್ರಿ, ಕೂಡ್ರಿ, ಇನ್ನಾ ಊಟ ಐತಿ!" ಎಂದು ಸಾವ್ಕಾರ ಬಾಗಿಲಿಗೆ ಅಡ್ಡ ನಿಂತ.

"ಮಂಗಳಾರತಿ ಆದಮ್ಯಾಲೆ ಕುಡಿಯಾದೇನಪ್ಪಾ?" ಎಂದು ಹಿರಿಯರು ಅವನನ್ನು ಸರಿಸಿ ಹೊರಟರು. ಉಳಿದವರೂ ಹಿಂದೆಯೇ ಹೋದರು.

ಆ ಹೋಟೆಲಿಗೆ ಅಪಶಕುನದ ಹೆಸರು ಅಂಟಿತು. ವರ್ಷದೊಳಗೆ ಬಾಗಿಲು ಹಾಕಿತು. ನನಗೆ ಇವತ್ತಿಗೂ ಅಯ್ಯೋ ಅನ್ನಿಸಿಲ್ಲ.

ಮಂಗಳ ಹಾಡಿದ ಆ ಸಂಜೆ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅಪ್ಪ ಕೇಳಿದರು: "ಆ ಅನ್ನದ ಸಿಟ್ಟಿಗೆ ಹಿಂಗ ಮಾಡಿದ್ಯೇನು?"

ನಾನು ನಿಂತುಬಿಟ್ಟೆ. "ನಿನಗ ಗೊತ್ತಿತ್ತೇನಪ್ಪಾ?"

"ಅನ್ನಕ್ಕ ಯಾರೋ ನಿಂಬಿಹಣ್ಣು ಹಿಂಡಿದ್ರು. ಎಂಜಲಂತ ಮೊದಲ ತುತ್ತಿಗೇ ತಿಳೀತು. ನಾ ಎದ್ದು ಜಗಳಾಡಿದ್ರ ನಿನ್ನ ಹಾಡು ನಿಲ್ತಿತ್ತು. ಅದಕ್ಕ ಉಂಡೆ."

ಮಂಗಳ ಹಾಡಿ ಸುಮ್ಮನಾದದ್ದು ಏನೇನೂ ಸಾಲದಾಯಿತು ಎನ್ನಿಸಿತು. ಹೋಗಿ ಅವನ ಪೀಪಾಯಿಗಳನ್ನೆಲ್ಲ ಒಡೆದು ಬರುತ್ತೇನೆ ಎಂದು ತಿರುಗಿದೆ. ಅಪ್ಪ ನನ್ನ ಕೈ ಹಿಡಿದುಕೊಂಡರು. ಬಸ್ಸು ಬರುವ ತನಕ ಬಿಡಲಿಲ್ಲ.