ಯಂತ್ರ ನಿಂತ ಅರ್ಧ ಗಂಟೆ

ಕೋವಿಡ್ ಕಳೆದು ಶಾಲೆಗಳು ಪೂರ್ತಿಯಾಗಿ ತೆರೆದ ವರ್ಷ ನಾನು ಚಿಕ್ಕಬಳ್ಳಾಪುರದ ಒಂದು ಸಣ್ಣ ಕೇಂದ್ರದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಸೇರಿದೆ. ಊಟ, ಆಟ, ಪಾಠದಂಥ ದಿನದ ಕೆಲಸಗಳಲ್ಲಿ ತೊಡಕಿರುವ ಮಕ್ಕಳಿಗೆ ನೆರವಾಗುವುದು ನನ್ನ ಕೆಲಸ. ಬುಧವಾರಗಳಂದು ಕೇಂದ್ರದ ಶಿಡ್ಲಘಟ್ಟ ಶಾಖೆಯಲ್ಲಿ ಕೂರುತ್ತಿದ್ದೆ.

ಸಮೀನಾ ಅಲ್ಲಿಗೆ ಬಂದದ್ದು ಜುಲೈನಲ್ಲಿ. ಆರು ವರ್ಷ, ಆಟಿಸಂ, ಮಾತಿಲ್ಲ. ತರಗತಿಯಲ್ಲಿ ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆಂದು ಶಾಲೆಯವರು ಬರೆದುಕೊಟ್ಟಿದ್ದರು. ದಸರಾ ರಜೆಯೊಳಗೆ ಬೆಳಗಿನ ಅವಧಿಯಷ್ಟಾದರೂ ಕೂರದಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದೂ ಹೇಳಿದ್ದರು.

ಅವಳ ತಂದೆ ರಫೀಕ್ ರೇಷ್ಮೆ ರೀಲರ್. ಮನೆಯ ಗೋಡೆಗೆ ಅಂಟಿಕೊಂಡೇ ನೂಲು ತೆಗೆಯುವ ಘಟಕ. ನನ್ನ ಫಾರ್ಮಿನಲ್ಲಿ 'ತೊಂದರೆ ಕೊಡುವ ಶಬ್ದಗಳು' ಎಂಬ ಕಾಲಂ ಇತ್ತು. 'ರೀಲಿಂಗ್ ಯಂತ್ರ' ಎಂದು ನಾನೇ ಬರೆದುಕೊಂಡೆ. ಜೊತೆಗೆ ಬಂದಿದ್ದ ಅಜ್ಜಿ, "ಮೆಷಿನ್ ಓಡ್ತಿದ್ರೆ ಮಗು ಸುಮ್ನಿರುತ್ತಮ್ಮ" ಎಂದರು. ಅದನ್ನು ಬರೆಯಲು ಕಾಲಂ ಇರಲಿಲ್ಲ. ನಾನು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದೆ.

ನಾನು ಸೂಚಿಸಿದ್ದು ಲಿಸನಿಂಗ್ ಥೆರಪಿ. ಕೆಲವು ಸ್ವರಗಳನ್ನು ತಗ್ಗಿಸಿ, ಕೆಲವನ್ನು ಎತ್ತಿ ಸಿದ್ಧಪಡಿಸಿದ ಸಂಗೀತವನ್ನು ಹೆಡ್‌ಫೋನ್‌ನಲ್ಲಿ ಸಣ್ಣ ದನಿಯಲ್ಲಿ ಕೇಳಿಸುವ ಅಭ್ಯಾಸ. ಇದರಿಂದ ಆಟಿಸಂ ಹೋಗುವುದಿಲ್ಲ, ಎಲ್ಲ ಮಕ್ಕಳಿಗೂ ಉಪಯೋಗವಾಗುತ್ತದೆಂಬ ಖಾತರಿಯೂ ಇಲ್ಲ. ಅಷ್ಟನ್ನೂ ಹೇಳಿಯೇ, ದಿನಕ್ಕೆ ಎರಡು ಸಲ ಅರ್ಧ ಗಂಟೆ, ಸದ್ದಿಲ್ಲದ ಜಾಗದಲ್ಲಿ ಎಂದು ಬರೆದುಕೊಟ್ಟೆ.

ಮೂರು ವಾರ ತಾಯಿ ನಸೀಮಾ ನಾನು ಕೊಟ್ಟಿದ್ದ ಡೈರಿಯಲ್ಲಿ ಒಂದೇ ಪದ ಬರೆದು ತಂದರು: ಅತ್ತಳು. ನಾನು ದನಿ ತಗ್ಗಿಸಿದೆ, ಸಂಗೀತ ಬದಲಿಸಿದೆ. ನಾಲ್ಕನೆಯ ವಾರ, ಶಾಲೆಗೆ ರಜೆಯಿದ್ದ ಭಾನುವಾರ, ಮನೆಗೇ ಹೋದೆ.

ಹತ್ತು ಗಂಟೆಗೆ ರಫೀಕ್ ಕೈ ಎತ್ತಿದರು. ಯಂತ್ರಗಳೆಲ್ಲ ನಿಂತವು. ಕೆಲಸದವರು ಕೈ ಒರೆಸಿಕೊಂಡು ಗೋಡೆಗೆ ಒರಗಿದರು. ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡು ಕಾಯುವುದಿಲ್ಲ, ಹೆಚ್ಚು ಬೆಂದರೆ ಎಳೆ ಕೆಡುತ್ತದೆ. ಆದರೂ 'ಸದ್ದಿಲ್ಲದ ಜಾಗದಲ್ಲಿ' ಎಂಬ ನನ್ನ ಒಂದು ಸಾಲಿಗಾಗಿ ದಿನಕ್ಕೆರಡು ಸಲ ಘಟಕವೇ ನಿಲ್ಲುತ್ತಿತ್ತು. ನನಗದು ಗೊತ್ತೇ ಇರಲಿಲ್ಲ.

ಹೆಡ್‌ಫೋನ್ ಇನ್ನೂ ಮೇಜಿನ ಮೇಲಿತ್ತು. ಸಮೀನಾ ಆಗಲೇ ಕಿವಿ ಮುಚ್ಚಿ ಅಳತೊಡಗಿದ್ದಳು. ಎದ್ದು ಹೋಗಿ ಯಂತ್ರದ ಬಳಿಯಿದ್ದ ಕೆಲಸದಾಕೆ ವೆಂಕಟಮ್ಮನ ಸೆರಗು ಹಿಡಿದು ಎಳೆದಳು.

"ನೋಡಮ್ಮ, ಮಾಲೀಕರಿಗಿಂತ ಇವಳದೇ ಜೋರು. ಒಂದ್ ಗಳಿಗೆ ಕೂತ್ಕೊಳಕ್ಕೆ ಬಿಡಲ್ಲ" ಎಂದು ವೆಂಕಟಮ್ಮ ನಕ್ಕರು.

ನಾನು ನಗಲಿಲ್ಲ. "ದಿನಾ ಹೀಗೇನಾ?" ಎಂದೆ.

"ಹುಟ್ಟಿದಾಗಿಂದ ಹಂಗೇ ಮೇಡಂ. ಕರೆಂಟ್ ಹೋದ್ರೂ ಅಳ್ತಾಳೆ" ಎಂದರು ರಫೀಕ್. "ನೀವು ಕೇಳಿದ್ರೆ ಹೇಳ್ತಿದ್ವಿ."

ಯಂತ್ರಗಳನ್ನು ಶುರು ಮಾಡಲು ಹೇಳಿದೆ. ಸಮೀನಾ ಅಳು ನಿಲ್ಲಿಸಿ ಅಜ್ಜಿಯ ಪಕ್ಕ, ಗೋಡೆಗೆ ಬೆನ್ನು ತಾಗಿಸಿ ಕೂತಳು. ಅಂದು ಹೆಡ್‌ಫೋನ್ ಅವಳ ಕಿವಿಯ ಮೇಲೆ ಹನ್ನೊಂದು ನಿಮಿಷ ಉಳಿಯಿತು.

ಮರುದಿನ ಶಾಲೆಗೆ ಹೋಗಿ, ಸರಿಯಾಗಿ ಯಾವಾಗ ಕಿರುಚುತ್ತಾಳೆ ಎಂದು ಟೀಚರನ್ನು ಕೇಳಿದೆ. ಅವರು ಹೇಳಿದರು: "ಮಕ್ಕಳು ಗಲಾಟೆ ಮಾಡ್ತಿರೋವಾಗಲ್ಲ. ನಾನು ಎಲ್ಲರನ್ನೂ ಸುಮ್ನಿರಿಸಿ ಬೋರ್ಡ್ ಕಡೆ ತಿರುಗಿದಾಗ."

ತರಗತಿಯ ಸೂರಿನಲ್ಲಿ ಕಟಕಟ ಎನ್ನುವ ಹಳೆಯ ಫ್ಯಾನ್ ಇತ್ತು. ಸದ್ದಿನ ಕಾಟಕ್ಕೆ ಅದನ್ನು ಹಾಕುತ್ತಿರಲಿಲ್ಲ. ಅದನ್ನು ಹಾಕಿಸಿ, ಸಮೀನಾಳ ಜಾಗವನ್ನು ಅದರ ಕೆಳಗೆ ಮಾಡಿಸಿದೆವು. ಮನೆಯಲ್ಲಿ ಸಂಗೀತದ ಅಭ್ಯಾಸವೂ ನಡೆಯಿತು. ಯಾವುದರಿಂದ ಎಷ್ಟು ಉಪಯೋಗವಾಯಿತೆಂದು ನಾನು ಖಚಿತವಾಗಿ ಹೇಳಲಾರೆ. ದಸರಾ ರಜೆಗೆ ಮುಂಚಿನ ವಾರ ಅವಳು ನಾಲ್ಕು ದಿನ ಬೆಳಗಿನ ಅವಧಿ ಪೂರ್ತಿ ಕೂತಳು. ಐದನೆಯ ದಿನ ಕರೆಂಟ್ ಇರಲಿಲ್ಲ. ನಾಲ್ಕು ದಿನ ಸಾಕು ಎಂದರು ಟೀಚರ್.

ಈಗ ನನ್ನ ಫಾರ್ಮಿನಲ್ಲಿ 'ತೊಂದರೆ ಕೊಡುವ ಶಬ್ದಗಳು' ಕಾಲಮ್ಮಿಗಿಂತ ಮೇಲೆ ಇನ್ನೊಂದಿದೆ: 'ಇಷ್ಟದ ಶಬ್ದಗಳು'. ಮಗುವಿಗೆ ಏನನ್ನಾದರೂ ಕೇಳಿಸುವ ಮೊದಲು ಮನೆಯವರು ಹೇಳುವುದನ್ನು ಪೂರ್ತಿ ಕೇಳಬೇಕೆಂಬುದನ್ನು ನಾನು ಕಲಿತದ್ದು ಆ ಮನೆಯಲ್ಲಿ.

ಡಿಸೆಂಬರಿನಲ್ಲಿ ಒಮ್ಮೆ ಆ ಶಾಲೆಗೆ ಹೋಗಿದ್ದೆ. ಮಕ್ಕಳೆಲ್ಲ ಸ್ವೆಟರ್ ಹಾಕಿಕೊಂಡು ಮುದುಡಿ ಕೂತಿದ್ದರು. ಮೇಲೆ ಫ್ಯಾನ್ ತಿರುಗುತ್ತಿತ್ತು. ಚಳಿಯಾಗಲ್ವಾ ಎಂದು ಮುಂದಿನ ಸಾಲಿನ ಹುಡುಗಿಯನ್ನು ಕೇಳಿದೆ.

"ಆಗುತ್ತೆ ಮಿಸ್" ಎಂದಳು. "ಸಮೀನಾಗೆ ಬೇಕಲ್ಲ."