ಧನಿಗಳ ಕೆಮ್ಮು

ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದವನೇ ಊರಿನ ಜಮೀನ್ದಾರರಾದ ಧನಿಗಳ ಅಂಗಳಕ್ಕೆ ಹೋಗಿ, ಪ್ರತಿ ರಜೆಯಲ್ಲಿ ಮಾಡುವಂತೆ ಅವರದೇ ಕೆಮ್ಮನ್ನು ಕೆಮ್ಮಿದೆ. ಅವರ ನಾಯಿ ಕೂಡ ಮೋಸಹೋಗಿ ಎದ್ದು ನಿಂತಿತು. ಒಳಗಿನಿಂದ "ಬಂದಿರಾ?" ಎನ್ನುತ್ತಾ ಅವರ ಹೆಂಡತಿ ಓಡಿ ಬಂದರು. ನನ್ನನ್ನು ಕಂಡು ಬಾಗಿಲಿಗೆ ಒರಗಿದರು.

"ಅವರು ಮೊನ್ನೆ ತೀರಿಹೋದರು ಮಗಾ," ಎಂದರು. ಮತ್ತೆ, "ಇನ್ನೊಮ್ಮೆ ಹಾಗೆ ಕೆಮ್ಮು, ಆಯ್ತಾ?"

ನಾನು ಕೆಮ್ಮದೆ, ಹೆಗಲ ಚೀಲವನ್ನು ಇಳಿಸಿ ಜಗಲಿಯಲ್ಲಿ ಕುಳಿತೆ.

ಮದ್ರಾಸಿನಲ್ಲಿ ನನ್ನನ್ನು ಡಾಕ್ಟರಿಕೆ ಓದಿಸುತ್ತಿದ್ದವರು ಆ ಧನಿಗಳೇ. "ಪೇಟೆಯ ದೊಡ್ಡ ಡಾಕ್ಟ್ರು ಆಗುವುದು ಬೇಡ ಮಾರಾಯ, ನಮ್ಮ ಮನೆಮನೆಗೆ ಬರುವವನಾಗು," ಎಂಬುದೊಂದೇ ಅವರ ಷರತ್ತು.

ನಾಲ್ಕು ವರ್ಷ ಅವರ ಕೆಮ್ಮನ್ನು ಅನುಕರಿಸಿ ಹಾಸ್ಟೆಲನ್ನೂ ಊರನ್ನೂ ನಗಿಸಿದೆ, ಅವರೂ ನಕ್ಕರು. ಚೀಲದಲ್ಲಿ ಸ್ಟೆತಾಸ್ಕೋಪು ಇದ್ದೂ, ಒಮ್ಮೆ ಅವರ ಎದೆಗಿಟ್ಟು ಕೇಳಬೇಕೆಂದು ಈ ಅರೆಬೆಂದ ಡಾಕ್ಟರಿಗೆ ತೋಚಲೇ ಇಲ್ಲ.